ಕಂಬ ಬಿಟ್ಟು ಹೊರಟ ಅಲೆ

ಮಧ್ಯಮ ತರಂಗದ ರೇಡಿಯೊ ಕೇಂದ್ರದ ಎತ್ತರದ ಉಕ್ಕಿನ ಕಂಬವನ್ನು ಕಂಡವರು, ಅದರ ತುದಿಯಲ್ಲೆಲ್ಲೋ ಆಂಟೆನಾ ಇರಬೇಕೆಂದು ಭಾವಿಸುವುದುಂಟು. ಸಾಮಾನ್ಯವಾಗಿ ಇಡೀ ಕಂಬವೇ ಆಂಟೆನಾ.

ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಪ್ರಸಾರವನ್ನೇ ನೋಡೋಣ. ಕಂಬದೊಳಗಿನ ಎಲೆಕ್ಟ್ರಾನುಗಳು ಸೆಕೆಂಡಿಗೆ 6,12,000 ಬಾರಿ ಮೇಲಕ್ಕೂ ಕೆಳಕ್ಕೂ ತುಯ್ದಾಡುತ್ತವೆ. ಅವು ಸರಿದಾಡುವುದು ಕಣ್ಣಿಗೆ ಕಾಣದಷ್ಟು ಅಲ್ಪ ದೂರ. ನಮ್ಮ ರೇಡಿಯೊವನ್ನು ಮುಟ್ಟುವುದು ಅವುಗಳಲ್ಲ, ಅವುಗಳ ಸುತ್ತಲಿನ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳ ಏರಿಳಿತ.

ಈ ಏರಿಳಿತ ಕಂಬದಿಂದ ಕಳಚಿಕೊಳ್ಳುವ ಬಗೆ ನನಗೆ ಎಂದಿಗೂ ಬೆರಗು. ಎಲೆಕ್ಟ್ರಾನು ದಿಕ್ಕು ಬದಲಿಸಿದ ಸುದ್ದಿ ಎಲ್ಲೆಡೆಗೂ ಒಮ್ಮೆಗೇ ಮುಟ್ಟುವುದಿಲ್ಲ. ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ವೇಗದಲ್ಲಿ ಹರಡಬೇಕು. ಕಂಬದ ತೀರ ಸಮೀಪದಲ್ಲಿ ಶಕ್ತಿಯ ಬಹುಪಾಲು ಹೊರಬಂದು ಮತ್ತೆ ಕಂಬಕ್ಕೇ ಮರಳುತ್ತಿರುತ್ತದೆ. ದೂರಕ್ಕೆ ಸುದ್ದಿ ತಲುಪುವ ಹೊತ್ತಿಗಾದರೋ ಕಂಬದಲ್ಲಿ ವಿದ್ಯುತ್ತಿನ ದಿಕ್ಕು ಆಗಲೇ ತಿರುಗಿರುತ್ತದೆ. ಹಿಂದಿರುಗಲು ಹೊತ್ತು ಸಾಲದ ಶಕ್ತಿ ಮುಂದಕ್ಕೇ ಸಾಗುತ್ತದೆ. ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಅದು ಬದಲಾಗುತ್ತ ವಿದ್ಯುತ್ ಕ್ಷೇತ್ರವನ್ನು. ಆಮೇಲೆ ಪ್ರಸಾರ ನಿಲ್ಲಿಸಿದರೂ ಹೊರಟ ಅಲೆ ನಿಲ್ಲದು. ಒಂದು ತುಯ್ದಾಟ ಮುಗಿಯುವಷ್ಟರಲ್ಲಿ ಅದು ಸುಮಾರು 490 ಮೀಟರ್ ಸಾಗಿರುತ್ತದೆ. ಅದೇ ಅದರ ತರಂಗಾಂತರ. ಇಂಥ ಅಲೆಗಳಿರಬೇಕೆಂದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1865ರಲ್ಲಿ ಗಣಿತದಿಂದಲೇ ಹೇಳಿದ್ದರು. 1888ರ ಹೊತ್ತಿಗೆ ಹರ್ಟ್ಸ್ ಜರ್ಮನಿಯ ಕಾರ್ಲ್ಸ್‌ರೂಹದಲ್ಲಿ ಪ್ರಯೋಗದಿಂದ ಅದನ್ನು ತೋರಿಸಿಕೊಟ್ಟರು.

ಅಲೆ ಎಲ್ಲ ದಿಕ್ಕಿಗೂ ಸಮನಾಗಿ ಹೋಗುವುದಿಲ್ಲ. ನೆಟ್ಟಗೆ ನಿಂತ ಕಂಬದ ನೆತ್ತಿಯ ನೇರಕ್ಕೆ ಏನೂ ಹೊರಡದು. ನೆಲಕ್ಕೆ ಸಮಾನಾಂತರವಾಗಿ ಹೆಚ್ಚು ಹರಡುತ್ತದೆ. ಕೇಳುಗರಿರುವುದು ನೆಲದ ಮೇಲೆ ತಾನೆ! ಓರೆಯಾಗಿ ಮೇಲೇರಿದ ಪಾಲನ್ನು ಹಗಲಿನಲ್ಲಿ ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಾವೇಶದ ಕಣಗಳಿರುವ ವಲಯದ, ಕೆಳಪದರ ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಬಹುಮಟ್ಟಿಗೆ ಕರಗಿಹೋಗಿ, ಅಲೆ ಸುಮಾರು ನೂರು ಕಿಲೋಮೀಟರ್ ಎತ್ತರಕ್ಕೇರಿ ಬಾಗಿ ಭೂಮಿಗೆ ಮರಳುತ್ತದೆ. ರಾತ್ರಿ ನೂರಾರು ಕಿಲೋಮೀಟರ್ ಆಚೆಯ ಕೇಂದ್ರಗಳು ಕೇಳಿಸುವುದು ಇದರಿಂದಲೇ.

ಮೂರು ಮೀಟರಿನಷ್ಟು ತರಂಗಾಂತರದ ಎಫ್‌ಎಂ ಅಲೆಗಳು ಸಾಮಾನ್ಯವಾಗಿ ಹೀಗೆ ಮರಳುವುದಿಲ್ಲ, ಅಯಾನುಗೋಳವನ್ನು ದಾಟಿ ಹೋಗುತ್ತವೆ. ಅವುಗಳಿಗಿಂತಲೂ ಚಿಕ್ಕ ಅಲೆಗಳಿಗೆ ಆ ದಾರಿ ಇನ್ನೂ ಸಲೀಸು. ಹಾಗಾಗಿಯೇ ಬೆಂಗಳೂರಿನ ಸಮೀಪದ ಬ್ಯಾಲಾಳುವಿನ ಆಂಟೆನಾ 2008ರಲ್ಲಿ ಚಂದ್ರಯಾನ-1ರ ಸಂಕೇತಗಳನ್ನು ಹಿಡಿಯಬಲ್ಲದಾಯಿತು. ದೂರ ಇಮ್ಮಡಿಯಾದರೆ ಸಿಗುವ ಶಕ್ತಿ ಕಾಲು ಭಾಗಕ್ಕಿಳಿಯುತ್ತದೆ. ಚಂದ್ರನೋ ಸರಾಸರಿ 3,84,000 ಕಿಲೋಮೀಟರ್ ದೂರ. ಆ ಆಂಟೆನಾದ ತಟ್ಟೆ 32 ಮೀಟರ್ ಅಗಲವಿರುವುದು ಅದಕ್ಕಾಗಿ.