ಕೆಎಂಟಿ2ಡಿ ಜೀನ್ ಕೆಟ್ಟರೆ ತಪ್ಪು ಯಾರದ್ದೂ ಅಲ್ಲ

ಜೆನೆಟಿಕ್ ರಿಪೋರ್ಟ್ ಕೈಗೆ ಬಂದ ಕೂಡಲೇ ತಂದೆ ತಾಯಿ ಕೇಳುವುದು ಒಂದೇ ಮಾತು. "ಡಾಕ್ಟ್ರೇ, ಇದು ಯಾರ ಕಡೆಯಿಂದ ಬಂತು?" ರಿಪೋರ್ಟಿನಲ್ಲಿ, ಕಬುಕಿ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಇರುವ ತೊಂದರೆಗೆ ಕಾರಣವಾಗುವ ಕೆಎಂಟಿ2ಡಿ ಎಂಬ ಜೀನ್ ಹೆಸರಿದ್ದರೆ, ಹೆಚ್ಚಿನ ಸಲ ನನ್ನ ಉತ್ತರ "ಯಾರ ಕಡೆಯಿಂದಲೂ ಅಲ್ಲ" ಎಂದೇ. ಯಾಕೆ ಅಂತ ಹೇಳುತ್ತೇನೆ. ಮೊದಲು ಈ ಜೀನ್ ಮಾಡುವ ಕೆಲಸ ನೋಡೋಣ.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ರೀಲಿಗೆ ದಾರ ಸುತ್ತಿದ ಹಾಗೆ ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನ್ ಸೇರಿ ಒಂದು ರೀಲು. ಪ್ರತಿ ಹಿಸ್ಟೋನಿನ ಒಂದು ತುದಿ ಬಾಲದ ಹಾಗೆ ಹೊರಗೆ ಚಾಚಿರುತ್ತದೆ. ಎಚ್3 ಎಂಬ ಹಿಸ್ಟೋನಿನ ಬಾಲದಲ್ಲಿ ನಾಲ್ಕನೇ ಜಾಗದಲ್ಲಿರುವುದು ಲೈಸಿನ್ ಎಂಬ ಅಮೈನೋ ಆಮ್ಲ. ಅದಕ್ಕೊಂದು ಪುಟ್ಟ ಮೀಥೈಲ್ ಗುಂಪನ್ನು ಗುರುತಿನ ಹಾಗೆ ಅಂಟಿಸುವುದೇ ಈ ಜೀನಿನಿಂದ ತಯಾರಾಗುವ ಕೆಎಂಟಿ2ಡಿ ಕಿಣ್ವದ ಕೆಲಸ.

ಕೇಳಲು ಇಷ್ಟೇ. ಆದರೆ ಎಲ್ಲಿ ಅಂಟಿಸುತ್ತದೆ ಅನ್ನುವುದು ಮುಖ್ಯ. ಯಾವ ಜೀನ್ ಯಾವ ಅಂಗದಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕು ಎಂದು ನಿರ್ಧರಿಸುವ ಡಿಎನ್‌ಎ ತುಣುಕುಗಳಿಗೆ ಎನ್‌ಹಾನ್ಸರ್ ಎನ್ನುತ್ತೇವೆ, ಕೆಎಂಟಿ2ಡಿ ಗುರುತು ಹಾಕುವುದು ಹೆಚ್ಚಾಗಿ ಅಲ್ಲಿ. ಗುರುತು ಬಿದ್ದ ಜಾಗ ಸಡಿಲವಾಗಿ ಓದಲು ಸಿದ್ಧವಾಗುತ್ತದೆ. ಹೃದಯ, ಮುಖ, ಮಿದುಳು ಎಲ್ಲವೂ ರೂಪುಗೊಳ್ಳುವ ವೇಳೆ ಈ ಗುರುತು ಬೇಕು. ಆದ್ದರಿಂದಲೇ ಒಂದು ಜೀನ್ ಕೆಟ್ಟರೂ ತೊಂದರೆ ಹತ್ತಾರು ಕಡೆ ಕಾಣುತ್ತದೆ.

ಹಾಗೆ ಕಾಣುವುದೇ ಕಬುಕಿ ಸಿಂಡ್ರೋಮ್. 1981ರಲ್ಲಿ ಜಪಾನಿನ ವೈದ್ಯರಾದ ನಿಕಾವಾ ಮತ್ತು ಕುರೋಕಿ ಇದನ್ನು ಬೇರೆ ಬೇರೆಯಾಗಿ ವರ್ಣಿಸಿದರು. ಕಾರಣವಾದ ಜೀನ್ ಸಿಕ್ಕಿದ್ದು 2010ರಲ್ಲಿ, ಸಿಯಾಟಲ್‌ನ ಸಂಶೋಧಕರ ಗುಂಪಿಗೆ. ಈ ಮಕ್ಕಳ ಮುಖದಲ್ಲಿ ಕಾಣುವ ಲಕ್ಷಣಗಳು: ಉದ್ದನೆಯ ಕಣ್ಣು, ಕೆಳರೆಪ್ಪೆಯ ಹೊರತುದಿ ಸ್ವಲ್ಪ ಹೊರಕ್ಕೆ ಮಡಚಿರುವುದು, ಹೊರಬದಿಯಲ್ಲಿ ತೆಳುವಾದ ಹುಬ್ಬು. ನಾನು ಮಗುವಿನ ಬೆರಳ ತುದಿಯನ್ನೂ ತಪ್ಪದೆ ನೋಡುತ್ತೇನೆ. ಗರ್ಭದಲ್ಲಿದ್ದಾಗ ನಮ್ಮೆಲ್ಲರ ಬೆರಳ ತುದಿಯಲ್ಲೂ ಮೆತ್ತನೆಯ ಉಬ್ಬು ಇರುತ್ತದೆ, ಹುಟ್ಟುವ ಮೊದಲೇ ಅದು ಇಳಿದುಹೋಗುತ್ತದೆ. ಈ ಮಕ್ಕಳಲ್ಲಿ ಅದು ಹಾಗೇ ಉಳಿದಿರುತ್ತದೆ. ಹಾಲು ಕುಡಿಯಲು ಕಷ್ಟ, ಸ್ನಾಯು ಸಡಿಲ, ಹೃದಯದ ದೋಷ, ಕಿವಿ ಮಂದ, ಕಲಿಕೆ ನಿಧಾನ, ಇವೆಲ್ಲ ಇರಬಹುದು. ಎಲ್ಲ ಮಕ್ಕಳಲ್ಲೂ ಎಲ್ಲವೂ ಇರುವುದಿಲ್ಲ.

ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಉಳಿದ ಒಂದರ ದುಡಿಮೆ ಸಾಲುವುದಿಲ್ಲ. ಕಿಣ್ವವೂ ದೊಡ್ಡದು, 5,537 ಅಮೈನೋ ಆಮ್ಲಗಳ ಸರಪಳಿ, ಮೀಥೈಲ್ ಅಂಟಿಸುವ ಭಾಗ ಇರುವುದು ಅದರ ಕೊನೆಯ ತುದಿಯಲ್ಲಿ, ಹಾಗಾಗಿ ನಡುವೆ ಎಲ್ಲಾದರೂ ಸರಪಳಿ ನಿಂತುಬಿಟ್ಟರೆ ಆ ಭಾಗ ತಯಾರಾಗುವುದೇ ಇಲ್ಲ.

ಇಂಥ ಬದಲಾವಣೆ ಬಹುಪಾಲು ಮಕ್ಕಳಲ್ಲಿ ಹೊಸದಾಗಿ ಆದದ್ದು. ಅಂಡ ಅಥವಾ ವೀರ್ಯಾಣು ತಯಾರಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ವ್ಯತ್ಯಾಸ ಅದು. ಗ್ರಹಣದ ದಿನ ಹೊರಗೆ ಬಂದಿದ್ದಕ್ಕಲ್ಲ, ಬಸುರಿಯಲ್ಲಿ ತಿಂದದ್ದಕ್ಕಲ್ಲ. ಸೋದರಮಾವನನ್ನು ಮದುವೆಯಾಗಿದ್ದಕ್ಕೂ ಅಲ್ಲ. ಸಂಬಂಧದೊಳಗಿನ ಮದುವೆಯಿಂದ ಅಪಾಯ ಜಾಸ್ತಿಯಾಗುವುದು ಎರಡೂ ಪ್ರತಿ ಕೆಟ್ಟಾಗ ಬರುವ ಕಾಯಿಲೆಗಳಲ್ಲಿ, ಇದು ಆ ಜಾತಿಯದ್ದಲ್ಲ. ಮನೆಯವರು ಸೊಸೆಯ ಕಡೆ ಬೆರಳು ತೋರಿಸುವುದನ್ನು ಕಂಡಾಗ ನನಗೆ ತುಂಬಾ ಸಂಕಟವಾಗುತ್ತದೆ. ಅಜ್ಜಿ ತಾತನನ್ನೂ ಕೂರಿಸಿಕೊಂಡೇ ಇದನ್ನು ಹೇಳುತ್ತೇನೆ.

ಆದರೂ ತಂದೆ ತಾಯಿ ಇಬ್ಬರ ರಕ್ತ ಪರೀಕ್ಷೆ ಮಾಡಿಸಲೇಬೇಕು. ಇಬ್ಬರಲ್ಲೂ ಈ ಬದಲಾವಣೆ ಇಲ್ಲದಿದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ತೀರಾ ಕಡಿಮೆ, ಶೇ. 1ರ ಆಸುಪಾಸು. ರಿಪೋರ್ಟಿನಲ್ಲಿ "ವಿಯುಎಸ್" ಎಂದಿದ್ದರೆ ಅದು ಕಾಯಿಲೆ ಇದೆ ಎಂಬ ತೀರ್ಪಲ್ಲ, ಆ ಬದಲಾವಣೆಯ ಅರ್ಥ ಇನ್ನೂ ಸ್ಪಷ್ಟವಾಗಿಲ್ಲ ಎಂದಷ್ಟೇ. ಆಗ ರಕ್ತದಲ್ಲಿ ಡಿಎನ್‌ಎ ಮೀಥೈಲೇಶನ್ ವಿನ್ಯಾಸ, ಅಂದರೆ ಅಲ್ಲಿ ಮೀಥೈಲ್ ಗುಂಪುಗಳು ಎಲ್ಲೆಲ್ಲಿ ಅಂಟಿವೆ ಎಂದು, ನೋಡುವ ಪರೀಕ್ಷೆ ನೆರವಾಗುತ್ತದೆ.

ಹಿಸ್ಟೋನ್ ಗುರುತುಗಳನ್ನು ಅಳಿಸಿ ಮತ್ತೆ ಹಾಕಬಹುದು ಎಂಬುದೇ ಸಂಶೋಧಕರಿಗೆ ಆಸೆ ಹುಟ್ಟಿಸಿರುವ ವಿಷಯ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಈ ದೋಷವಿರುವ ಇಲಿಗಳಿಗೆ ಕೀಟೋಜೆನಿಕ್ ಆಹಾರ (ಕೊಬ್ಬು ಹೆಚ್ಚು, ಸಕ್ಕರೆ ಪಿಷ್ಟ ತೀರಾ ಕಡಿಮೆ ಇರುವ ಆಹಾರ) ಕೊಟ್ಟಾಗ ನೆನಪಿನ ಶಕ್ತಿ ಸುಧಾರಿಸಿತ್ತು. ಅದು ಇಲಿಗಳಲ್ಲಿ. ಇಂಟರ್ನೆಟ್‌ನಲ್ಲಿ ಓದಿ ಮಗುವಿಗೆ ಸುಮ್ನೆ ಕೀಟೋ ಶುರು ಮಾಡಬೇಡಿ. ಈ ಮಕ್ಕಳಲ್ಲಿ ಕೆಲವರಿಗೆ ರಕ್ತದ ಸಕ್ಕರೆ ಇಳಿಯುವ ತೊಂದರೆ ಇರುತ್ತದೆ. ಮೊದಲು ಹೃದಯದ ಎಕೋ ಸ್ಕ್ಯಾನ್, ಕಿಡ್ನಿ ಸ್ಕ್ಯಾನ್, ಕಿವಿ ಪರೀಕ್ಷೆ ಮಾಡಿಸಿ, ಫಿಸಿಯೋಥೆರಪಿ ಮತ್ತು ಸ್ಪೀಚ್ ಥೆರಪಿ ತಡಮಾಡದೆ ಶುರು ಮಾಡಿ.