ಬೀಗದ ಕೈ ಗೊಂಚಲು ಮತ್ತು ಎರಡು ನಿಮಿಷ

ದಾವಣಗೆರೆಯಲ್ಲಿ ನರರೋಗ ತಜ್ಞನಾಗಿರುವ ನನ್ನ ಬಳಿಗೆ ಜಗಳೂರು, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದ ಮೂರ್ಛೆರೋಗಿಗಳನ್ನು ಕರೆತರುವವರು ಆಡುವ ಮಾತು ಬಹುತೇಕ ಒಂದೇ: "ಕೈಯಾಗ ಕಬ್ಬಿಣ ಹಿಡಿಸಿದ ಕೂಡ್ಲೇ ನಿಂತೋತ್ರೀ ಸರ್." ವೃತ್ತಿಯ ಆರಂಭದಲ್ಲಿ ಇದನ್ನು ಕೇಳಿ ಸಿಡುಕುತ್ತಿದ್ದೆ. ಈಗ ಸಿಡುಕುವುದಿಲ್ಲ, ಅವರು ಕಂಡದ್ದು ಸುಳ್ಳಲ್ಲ. ಕಬ್ಬಿಣ ಕೊಡದಿದ್ದರೂ ಸೆಳೆತ ನಿಲ್ಲುತ್ತಿತ್ತು ಎಂಬುದನ್ನು ಕಾಣುವ ಅವಕಾಶವಷ್ಟೇ ಅವರಿಗೆ ಸಿಕ್ಕಿರುವುದಿಲ್ಲ, ಮಗ ಒದ್ದಾಡುವಾಗ ಸುಮ್ಮನೆ ಗಡಿಯಾರ ನೋಡುತ್ತ ಕೂರುವ ತಾಯಿ ಎಲ್ಲಿದ್ದಾಳೆ?

ಮಿದುಳಿನ ನರಕೋಶಗಳನ್ನು ಕೆರಳಿಸುವ ಮತ್ತು ತಡೆಯುವ ರಾಸಾಯನಿಕಗಳ ನಡುವೆ ಒಂದು ಸಮತೋಲವಿರುತ್ತದೆ. ಅದು ತಪ್ಪಿದಾಗ ಅಸಂಖ್ಯ ಕೋಶಗಳು ಒಂದೇ ಏಟಿಗೆ ವಿದ್ಯುತ್ ಸಂಕೇತ ಹೊಮ್ಮಿಸುತ್ತವೆ. ನಮ್ಮೂರಿನ ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರಿಗೆ ನಾನು ಹೇಳುವುದಿಷ್ಟು: ತಂತಮ್ಮ ಲಯದಲ್ಲಿ ನಡೆಯಬೇಕಾದ ಮಗ್ಗಗಳೆಲ್ಲ ಒಟ್ಟಿಗೆ ಬಡಿದರೆ ಕಟ್ಟಡ ಅದುರುವುದಿಲ್ಲವೇ, ಹಾಗೆ. ಆದರೆ ಸೆಳೆತದ ಬೆನ್ನಿಗೇ ಅಡೆನೊಸಿನ್‌ನಂಥ ರಾಸಾಯನಿಕಗಳು ಹೆಚ್ಚಿ ಕೋಶಗಳಿಗೆ ಕಡಿವಾಣ ಹಾಕುವುದರಿಂದ, ಬಹುಪಾಲು ಸೆಳೆತಗಳು ಒಂದೆರಡು ನಿಮಿಷದಲ್ಲಿ ತಾವಾಗಿಯೇ ಅಡಗುತ್ತವೆ. ಬೀಗದ ಕೈ ಗೊಂಚಲನ್ನು ಹುಡುಕಿ ತರುವುದಕ್ಕೂ ಸುಮಾರು ಅಷ್ಟೇ ಹೊತ್ತು ಬೇಕು!

ಕಬ್ಬಿಣ ಹುಡುಕುವ ಬದಲು ಮೊಬೈಲ್ ಹುಡುಕಿರೆಂದು ಹೇಳುತ್ತೇನೆ. ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕದೆ, ಸಮಯ ನೋಡಬೇಕು. 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ವಿಡಿಯೊ ತೆಗೆದರೆ ನನಗೆ ದೊಡ್ಡ ಉಪಕಾರ. ಏಕೆಂದರೆ ಸೆಳೆತವಿಲ್ಲದ ಹೊತ್ತಿನಲ್ಲಿ ತೆಗೆದ ಇ.ಇ.ಜಿ. (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಎಷ್ಟೋ ರೋಗಿಗಳಲ್ಲಿ ಸಹಜವಾಗಿಯೇ ಇರುತ್ತದೆ.

ಚಿಕಿತ್ಸೆ ದುಬಾರಿಯೇ ಆಗಬೇಕೆಂದಿಲ್ಲ. ಫಿನೊಬಾರ್ಬಿಟಾಲ್ 1912ರಿಂದ ಬಳಕೆಯಲ್ಲಿರುವ ಅಗ್ಗದ ಮಾತ್ರೆ. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಅದನ್ನು ಅಥವಾ ಫಿನೈಟಾಯಿನ್ ಎಂಬ ಇನ್ನೊಂದು ಮೂರ್ಛೆ ಮಾತ್ರೆಯನ್ನು ಕೊಟ್ಟು, ಇಂಥ ಮಾತ್ರೆಗಳಿಂದಲೇ ಗ್ರಾಮೀಣ ರೋಗಿಗಳ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು.

ನನ್ನ ಅನುಭವದಲ್ಲಿ ಮಾತ್ರೆ ತಪ್ಪುವುದು ಹಣದ ಕೊರತೆಗಿಂತ ಹೆಚ್ಚಾಗಿ ಮದುವೆಯ ಹೊತ್ತಿಗೆ. ಮೂರ್ಛೆರೋಗವನ್ನು ವಿವಾಹಕ್ಕೆ ಅಡ್ಡಿಯೆಂದು ಎಣಿಸುತ್ತಿದ್ದ ಪದವನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ. ಹಾಗಿದ್ದರೂ ಗಂಡನ ಮನೆಗೆ ತಿಳಿಯಬಾರದೆಂದು ಹುಡುಗಿಯ ಮಾತ್ರೆಯನ್ನು ತವರಿನವರೇ ಏಕಾಏಕಿ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದ್ದರಿಂದಲೇ ಸೆಳೆತ ಮರುಕಳಿಸುತ್ತದೆ, ಕೆಲವೊಮ್ಮೆ ಅರಿಶಿನ ಶಾಸ್ತ್ರದ ನಿದ್ದೆಗೆಟ್ಟ ಮರುದಿನವೇ. ಆದ್ದರಿಂದ ಮದುವೆ ಗೊತ್ತಾದ ಸುದ್ದಿ ತಂದವರನ್ನು ನಾನು ಮೊದಲು ಕೇಳುವುದು ಮುಹೂರ್ತವನ್ನಲ್ಲ, ಮಾತ್ರೆಯ ಹಾಳೆಯನ್ನು.