ಫ್ಲೋರೆಸೆಂಟ್ ಆಂಟಿಬಾಡಿ ಅಂದ್ರ ಏನು?

ಕೊಪ್ಪಳದಾಗ ನಮ್ ಲ್ಯಾಬಿಗೆ ಹೊಸದಾಗಿ ಬರೋ ಹುಡುಗ್ರು ಟಿಬಿ ಕಫದ ಸ್ಲೈಡ್ ಹೊಳೆಯೋದು ನೋಡಿ "ಸರ್, ಫ್ಲೋರೆಸೆಂಟ್ ಆಂಟಿಬಾಡಿ ಅಂದ್ರ ಇದೇ ಏನ್ರೀ" ಅಂತ ಕೇಳ್ತಾರ. ಅಲ್ಲಪಾ, ಅದು ಆರಮಿನ್ ಅನ್ನೋ ಬಣ್ಣ, ಟಿಬಿ ಬ್ಯಾಕ್ಟೀರಿಯಾದ ಮೇಣದಂಥ ಗೋಡೆಗೆ ತಾನೇ ಹತ್ಕೊಂತೈತಿ, ಅಂಥಾದ್ದೇ ಗೋಡೆ ಇರೋ ಅದರ ಬಳಗದವನ್ನೂ ಹೊಳಸ್ತೈತಿ, ಅದರಾಗ ಆಂಟಿಬಾಡಿನೇ ಇಲ್ಲ. ಆಂಟಿಬಾಡಿ ಅಂದ್ರ ಒಂದು ರೋಗಾಣುನ ಗುರ್ತು ಹಿಡಿದು ಅದಕ್ಕ ಹತ್ಕೊಳ್ಳೋ ದೇಹದ ಪ್ರೋಟೀನು.

ಗವಿಮಠದ ಜಾತ್ರಿ ನೆನಸ್ಕೊಳ್ರಿ. ಲಕ್ಷಗಟ್ಲೆ ಮಂದಿ, ಕತ್ತಲಾಗೈತಿ, ನಿಮ್ಮೂರಿನವರ ಮಾರಿ ಮಾತ್ರ ಗುರ್ತಿರೋ ಒಬ್ಬೊಬ್ಬರ ಕೈಗೆ ಒಂದೊಂದ್ ಬ್ಯಾಟರಿ ಕಟ್ಟಿ ಕಳಸ್ತೀರಿ, ಅವ್ರು ಹೋಗಿ ನಿಮ್ಮೂರಿನವರ ಕೈ ಹಿಡಕೊಂಡು ನಿಂದರ್ತಾರ, ನೀವು ಗುಡ್ಡದ ಮ್ಯಾಲಿಂದ ನೋಡಿದ್ರ ಬೆಳಕು ಇದ್ದಲ್ಲಿ ನಿಮ್ಮೂರ ಮಂದಿ. ನಿಮ್ಮೂರ ಮಂದಿ ಅಂದ್ರ ನಾವು ಹುಡುಕೋ ಬ್ಯಾಕ್ಟೀರಿಯಾ, ಆ ಗುರ್ತಿನವ ಆಂಟಿಬಾಡಿ, ಬ್ಯಾಟರಿ ಅಂದ್ರ ಎಫ್‌ಐಟಿಸಿ ಅನ್ನೋ ಬಣ್ಣ. ನೀಲಿ ಬೆಳಕು ಬಿಟ್ರ ಅದು ಹಸಿರಾಗಿ ಹೊಳಿತೈತಿ. ಯಾರೂ ಸಿಗದೇ ಸುಮ್ನ ಅಡ್ಡಾಡೋರ ಬ್ಯಾಟರಿನೂ ಕಾಣಬಾರದಲ್ಲ, ಅದಕ್ಕ ಸ್ಲೈಡ್ ಬಫರ್ ಅನ್ನೋ ತೊಳೆಯೋ ದ್ರಾವಣದಾಗ ಚೊಲೋತ್ನಂಗ ತೊಳಿಬೇಕು, ಅವಸರ ಮಾಡಿದ್ರ ಇಡೀ ಸ್ಲೈಡೇ ಹಸಿರು.

ಇದು ಡೈರೆಕ್ಟ್ ಪದ್ಧತಿ. ಇನ್‌ಡೈರೆಕ್ಟ್‌ನ್ಯಾಗ ಮೊದಲ್ನೇದವ ಬರಿಗೈಲೇ ಹೋಗ್ತಾನ, ಬ್ಯಾಟರಿ ಇರೋ ಎರಡನೇದವ್ರು ಬಂದು ಅವನ್ನ ಹಿಡಕೊಂತಾರ. ಒಬ್ಬನಿಗೇ ನಾಕು ಮಂದಿ ಜೋತು ಬೀಳೋದ್ರಿಂದ ಬೆಳಕೂ ಜಾಸ್ತಿ. ರೋಗಿ ರಕ್ತದಾಗ ಆಂಟಿಬಾಡಿ ಐತೋ ಇಲ್ಲೋ ನೋಡಾಕೂ ಇದೇ ದಾರಿ, ಅಲ್ಲಿ ರೋಗಿ ಆಂಟಿಬಾಡಿನೇ ಆ ಮೊದಲ್ನೇದವ, ಸ್ಕ್ರಬ್ ಟೈಫಸ್‌ಗೆ, ಸಿಫಿಲಿಸ್‌ಗೆ ಹಿಂಗ ಮಾಡ್ತಾರ.

ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಅನ್ನೋರು 1941ರಾಗ ಇದನ್ನ ಮೊದಲು ತೋರಿಸಿದ್ದು ನ್ಯುಮೋನಿಯಾ ತರೋ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಮ್ಯಾಲೆ. ಆಗಿನ ಬಣ್ಣ ನೀಲಿ, ಆದ್ರ ದೇಹದ ಅಂಗಾಂಶಾನೂ ತಾನಾಗೇ ನೀಲಿ ಹೊಳಿತೈತಿ, ಯಾವುದು ಯಾವುದು ತಿಳಿಯಂಗಿಲ್ಲ, ಅದಕ್ಕೇ ಹಸಿರಿಗೆ ಬಂದ್ರು. ಎಂಥಾ ಬುದ್ಧಿವಂತಿಕೆ ನೋಡ್ರಿ!

ಲೀಜಿಯೋನೆಲ್ಲಾದಂಥ ನ್ಯುಮೋನಿಯಾ ಬ್ಯಾಕ್ಟೀರಿಯಾ ಮಾಮೂಲಿ ಕಲ್ಚರ್ ಪ್ಲೇಟಿನ್ಯಾಗ, ಅಂದ್ರ ಬ್ಯಾಕ್ಟೀರಿಯಾ ಬೆಳಸೋ ತಟ್ಟ್ಯಾಗ, ಬೆಳೆಯಂಗೇ ಇಲ್ಲ, ಬ್ಯಾರೆ ಪ್ಲೇಟ್ ಇಟ್ರೂ ದಿನಗಟ್ಲೆ ಕಾಯಬೇಕು. ಇದ್ರಾಗ ಕೆಲವೇ ತಾಸಿನ್ಯಾಗ ಉತ್ತರ. ಆದ್ರ ಬ್ಯಾಕ್ಟೀರಿಯಾ ಕಡಿಮಿ ಇದ್ರ ಕಣ್ಣಿಗೆ ಬೀಳದೇ ಹೋಗ್ತಾವ, ಮಾರಿ ಹೋಲೋ ಬ್ಯಾರೆ ಬ್ಯಾಕ್ಟೀರಿಯಾನ ಆಂಟಿಬಾಡಿ ತಪ್ಪಿ ಹಿಡಿಯೋದೂ ಐತಿ, ಅದಕ್ಕ ಪಾಸಿಟಿವ್, ನೆಗೆಟಿವ್ ಎರಡೂ ಕಂಟ್ರೋಲ್ ಸ್ಲೈಡ್ (ಹೊಳೀಲೇಬೇಕಾದ್ದು ಒಂದು, ಹೊಳೀಬಾರದ್ದು ಒಂದು) ಇಡದೇ ರಿಪೋರ್ಟ್ ಬರಿಬ್ಯಾಡ್ರಿ. ಬಣ್ಣ ಬೆಳಕಿಗೆ ಮಾಸ್ತೈತಿ, ಕತ್ತಲ ರೂಮಿನ್ಯಾಗ ಲಗೂನ ನೋಡಿ ಮುಗಿಸ್ರಿ. ರಿಯೇಜೆಂಟ್ 2ರಿಂದ 8 ಡಿಗ್ರಿ ಒಳಗ ಇರಬೇಕು, ನಮ್ ಕಡೆ ಬ್ಯಾಸಿಗ್ಯಾಗ ಕರೆಂಟ್ ಹೋದ್ರ ಮೊದಲು ಫ್ರಿಜ್ ನೋಡ್ರಿ.

ಸತ್ತ ಬ್ಯಾಕ್ಟೀರಿಯಾನೂ ಹೊಳಿತಾವ ಅನ್ನೋದನ್ನ ಭಾಳ ಮಂದಿ ಮರಿತಾರ. ಜೀವ ಐತೋ ಇಲ್ಲೋ, ಯಾವ ಔಷಧಿ ನಾಟ್ತೈತಿ ಅನ್ನೋದು ಆ ಹಸಿರಿನ್ಯಾಗ ಕಾಣಂಗಿಲ್ಲ, ಅದಕ್ಕ ಜೋಡಿಗೆ ಕಲ್ಚರೂ ಇಡ್ರಿ.